ಕನ್ನಡಿಯೊಳಗೆ ಮೊದಲು ಕಂಡವಳು

ರೇಣುಕಾದೇವಿಗೆ ತಲೆ ಕೆಟ್ಟಿದೆ ಎಂದು ಗಂಗಾವತಿಯ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಮೊದಲು ಡಂಗುರ ಸಾರಿದವನು ಅವಳ ಗಂಡ ಸುಭಾಷನೇ. ಬೇರೆ ಯಾರಾದರೂ ಹಾಗೆಂದಿದ್ದರೆ ಅವರ ಮನೆ ಬಾಗಿಲಿಗೇ ಹೋಗಿ ಜಗಳ ತೆಗೆಯುತ್ತಿದ್ದ, ಆ ಮಾತು ಬೇರೆ. ಆದದ್ದಾದರೂ ಏನು? ಓಣಿಯ ಮೂಲೆಯಲ್ಲಿ ಎಮ್ಮೆಗಳು ನೀರು ಕುಡಿಯುವ ಕಲ್ಲುಬಾನಿಯ ಪಕ್ಕ ಅವಳು ಸೀರೆ ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು. ಕಣ್ಣಿಗೆ ಗಂಡನ ಕ್ಯಾಮೆರಾ, ಅದರ ಮೂತಿ ಬಾನಿಯ ಕಡೆ. ನೀರಿನಲ್ಲಿ ಬೇವಿನ ಮರ ತಲೆಕೆಳಗಾಗಿ ನಿಂತಿತ್ತು, ಅದರ ತುದಿಗೊಂದು ಕಾಗೆ. ಎಮ್ಮೆ ಬಂದು ಬಾಯಿ ಹಾಕುವುದರೊಳಗೆ ಒತ್ತಬೇಕಿತ್ತು, ಒತ್ತಿದಳು.

"ಏ ರೇಣುಕಾ, ಮಂದಿ ಫೋಟೊ ತಗದ್ರ ಹೊಟ್ಟಿ ತುಂಬತೈತಿ. ಎಮ್ಮಿ ಕುಡಿಯೋ ನೀರಿನ ಫೋಟೊ ಯಾರು ತಗೋತಾರ?" ಎಂದು ಸುಭಾಷ ತನ್ನ ಫೋಟೊ ಸ್ಟುಡಿಯೊದ ಮೆಟ್ಟಿಲ ಮೇಲಿಂದಲೇ ಕೂಗಿದ.

"ಎಮ್ಮೀಗೇ ಕೊಡ್ತೀನಿ ಬಿಡ್ರಿ. ನಿಮಗ್ಯಾಕ ಅದರ ಚಿಂತಿ?"

ಓಣಿ ತುಂಬ ನಗೆಯೋ ನಗೆ. ಸುಭಾಷನಿಗೂ ನಗು ಬಂತು, ಆದರೆ ಗಂಡಸು ನೋಡಿ, ಮೀಸೆಯೊಳಗೆ ಒರೆಸಿಕೊಂಡು ಒಳಗೆ ಹೋದ.

ರೇಣುಕಾದೇವಿ ಯಲಬುರ್ಗಾ ಕಡೆಯವಳು. ಎರಿ ಭೂಮಿಯ ಊರು. ಜೋಳ, ಕಡಲೆ, ಬೇಕಾದಷ್ಟು ಬಿಸಿಲು. ಅಲ್ಲಿ ನೀರೆಂದರೆ ಬಾವಿಯ ಆಳದಲ್ಲಿ ಹೊಳೆಯುವ ಒಂದು ಬಟ್ಟಲು ಬೆಳಕು. ಹಗ್ಗ ಬಿಡುವ ಮೊದಲು ಬಗ್ಗಿ ತನ್ನ ಮುಖ ನೋಡಿಕೊಳ್ಳುವುದು, ನಾಲಿಗೆ ಚಾಚಿ ಅಣಕಿಸುವುದು, ಅವ್ವ ಹಿಂದಿನಿಂದ ಬಂದು ಜಡೆ ಹಿಡಿದು ಜಗ್ಗುವುದು, ಹೀಗೆ ಬೆಳೆದವಳು. ಮದುವೆಯಾದ ಹೊಸತರಲ್ಲಿ ಶ್ರೀರಾಮನಗರದಲ್ಲಿದ್ದ ಗಂಡನ ಅಕ್ಕನ ಮನೆಗೆ ಹೋದಾಗ ನಾಟಿಗೆ ಮೊದಲು ನೀರು ಕಟ್ಟಿದ ಗದ್ದೆ ನೋಡಿದಳು. ಕಣ್ಣು ಹೋದಲ್ಲೆಲ್ಲ ನೀರು, ನೀರಿನ ತುಂಬ ಮುಗಿಲು. ಬದುವಿನ ಮೇಲೆ ನಡೆಯಲು ಕಾಲೇ ಬರಲಿಲ್ಲ. "ಯವ್ವಾ, ಮುಗಿಲಾಗ ಬೀಳತೀನಿ" ಎಂದು ಅಲ್ಲೇ ಕೂತುಬಿಟ್ಟಳು. ಆ ದಿನದಿಂದ ಅವಳಿಗೆ ಹೊಳೆಯುವುದೆಲ್ಲ ಕಣ್ಣಿಗೆ ಬೀಳತೊಡಗಿತು. ತಾಮ್ರದ ಕೊಡ, ಬಸ್ಸಿನ ಗಾಜು, ಮಳೆ ನಿಂತ ಮೇಲೆ ರಸ್ತೆಯ ಗುಂಡಿ, ಬೆಳಗಿಟ್ಟ ಸ್ಟೀಲಿನ ಅಗಲ ತಟ್ಟೆಯಂಥ ಪರಾತ. ಒಂದೊಂದರಲ್ಲೂ ಊರು ಬೇರೆ ಥರ ಕಾಣುತ್ತಿತ್ತು, ಅದು ಅವಳಿಗೆ ಭಾರಿ ಸಂತೋಷದ ವಿಷಯವಾಗಿತ್ತು.

ಕ್ಯಾಮೆರಾ ಹಿಡಿಯುವುದನ್ನು ಕಲಿಸಿದವನು ಸುಭಾಷನೇ. ಅವನು ಮದುವೆ ಮುಂಜಿವೆ ಎಂದು ಊರೂರು ಸುತ್ತುವಾಗ ಸ್ಟುಡಿಯೊ ನೋಡಿಕೊಳ್ಳುವವರು ಬೇಕಲ್ಲ! ಕೊಪ್ಪಳ ಜಿಲ್ಲೆಯಾದ ಆ ವರ್ಷ ಹೊಸ ಕಚೇರಿಗಳಿಗೆ ಅರ್ಜಿ ಹಾಕುವವರೆಲ್ಲ ಪಾಸ್‌ಪೋರ್ಟ್ ಫೋಟೊಕ್ಕೆ ಬಂದು ಸಾಲುಗಟ್ಟಿದ್ದರು. ಅವರೆಲ್ಲರ ಕಿವಿ ಎರಡೂ ಕಾಣುವಂತೆ ಕೂರಿಸಿ ಒತ್ತುವುದು ಅವಳ ಪಾಲಿನ ಕೆಲಸ. ಅದಕ್ಕೆ ಕೂಲಿ ಎಂದರೆ ರೋಲಿನ ಕೊನೆಯ ಫೋಟೊ. ಡಬ್ಬಿಯ ಮೇಲೆ ಮೂವತ್ತಾರು ಎಂದು ಬರೆದಿದ್ದರೂ ಹುಷಾರಾಗಿ ಸುತ್ತಿದರೆ ಕೊನೆಯಲ್ಲಿ ಒಂದು ಹೆಚ್ಚಿಗೆ ಬೀಳುತ್ತದೆ. ಆ ಹೆಚ್ಚಿನದು ಅವಳದು. ಅದರಲ್ಲಿ ಅವಳು ನೀರಾದರೂ ತೆಗೆಯಲಿ, ಕೊಡವಾದರೂ ತೆಗೆಯಲಿ, ಕೇಳುವವರಿಲ್ಲ.

ಕೇಳುವವರಿಲ್ಲ ಎಂದರೆ ಗಂಡನನ್ನೂ ಓಣಿಯವರನ್ನೂ ಬಿಟ್ಟು. ಹೇಮಗುಡ್ಡದ ದುರ್ಗಮ್ಮನ ದರ್ಶನಕ್ಕೆ ಹೋದಾಗ ಕೆಳಗಿನ ಹೊಂಡದಲ್ಲಿ ಗುಡ್ಡ ಕಂಡದ್ದನ್ನು ಅವಳು ತೆಗೆದು ಸ್ಟುಡಿಯೊದ ಗೋಡೆಗೆ ಹಾಕಿದ್ದಳು. ಬಂದವರೆಲ್ಲ ಕತ್ತು ತಿರುವಿ ತಿರುವಿ ನೋಡುವವರೇ. ಗೊಬ್ಬರದ ಅಂಗಡಿಯ ಶರಣಬಸಪ್ಪನವರಂತೂ, "ಸುಭಾಷಪ್ಪಾ, ದೇವರ ಗುಡ್ಡ ತಲಿಕೆಳಗ ಹಾಕೀಯಲ್ಲೋ, ಊರಿಗೆ ಕೇಡಾದೀತು" ಎಂದು ತಾವೇ ಸ್ಟೂಲು ಹತ್ತಿ ಫೋಟೊ ತಿರುಗಿಸಿ ಹೋದರು. ಅವರು ಹೋದ ಮೇಲೆ ಅವಳು ಸ್ಟೂಲು ಹತ್ತಿದಳು. ಮರುವಾರ ಅವರು ಮತ್ತೆ ಬಂದು ಮತ್ತೆ ತಿರುಗಿಸಿದರು. ಪಾಪ, ಆ ಗುಡ್ಡಕ್ಕೇ ತಲೆ ತಿರುಗಿರಬೇಕು.

ಅಷ್ಟರಲ್ಲಿ ನಸೀಮಾಬಿ ಬಂದಳು. ನಸೀಮಾಬಿ ಓಣಿಯ ಬಳೆಗಾರ್ತಿ. ಗಂಡ ನಜೀರಸಾಬ ಅಕ್ಕಿ ಗಿರಣಿಯಲ್ಲಿ ಹಮಾಲ. ಅವರ ಮಗಳು ಜೋಹರಾಬಿಗೆ ಕುಷ್ಟಗಿಯಲ್ಲಿ ಲಾರಿ ರಿಪೇರಿ ಮಾಡುವ ಜಿಲಾನಿಯೊಂದಿಗೆ ಮದುವೆ ಗೊತ್ತಾಗಿತ್ತು. ಗಂಡಸರ ಕಡೆಯ ಫೋಟೊ ಸುಭಾಷ ತೆಗೆಯಲಿ, ಅದರ ಮಾತಿಲ್ಲ. ನಸೀಮಾಬಿ ಬಂದದ್ದು ಜಲ್ವಾದ ಮಾತಿಗೆ.

ನಿಕಾ ಆದ ಮೇಲೆ ಮದುಮಗನನ್ನು ಹೆಂಗಸರ ಕಡೆ ಕರೆತಂದು ಮದುಮಗಳ ಪಕ್ಕ ಕೂರಿಸುತ್ತಾರೆ. ಇಬ್ಬರ ತಲೆಯ ಮೇಲೂ ಒಂದೇ ಕೆಂಪು ಓಢಣಿ. ಮುಂದೆ ದಿಂಬಿನ ಮೇಲೆ ಒಂದು ಕನ್ನಡಿ. ಹುಡುಗಿ ಕಣ್ಣು ಮುಚ್ಚಿರುತ್ತಾಳೆ. "ಬೀಬಿ, ಕಣ್ಣು ತೆರೆ, ನಾನು ನಿನ್ನ ಗುಲಾಮ" ಎಂದು ಅವನು ಬೇಡಿಕೊಳ್ಳಬೇಕು. ಅವಳು ಬಿಗುಮಾನ ಮಾಡಿ ಮಾಡಿ ಕೊನೆಗೆ ಕಣ್ಣು ತೆರೆದು ಕನ್ನಡಿಯಲ್ಲಿ ಅವನ ಮುಖ ನೋಡಬೇಕು. ಗಂಡ ಹೆಂಡತಿ ಒಬ್ಬರನ್ನೊಬ್ಬರು ಮೊದಲ ಸಲ ನೋಡುವುದು ಹೀಗೆ, ಕನ್ನಡಿಯೊಳಗೆ. ಪರ ಗಂಡಸು ಅಲ್ಲಿ ಕಾಲಿಡುವಂತಿಲ್ಲ.

"ಆ ಹೊತ್ತಿನಾಗ ನನ್ನ ಮಗಳ ಮುಖ ಹೆಂಗಿರತೈತಿ ನೋಡಬೇಕು ರೇಣವ್ವಾ" ಎಂದಳು ನಸೀಮಾಬಿ. "ಹಡದಾಕಿ ನಾನು, ಮಗ್ಗಲದಾಗ ನಿಂತಿರತೀನಿ, ಓಢಣಿ ಒಳಗ ಏನೂ ಕಾಣಂಗಿಲ್ಲ. ನೀ ಒಳಗ ಹೊಕ್ಕು ಅದೊಂದು ತಗದುಕೊಡ. ಬ್ಯಾರೆ ಎಷ್ಟ ಫೋಟೊ ಇರಲಿ, ನನಗ ಅದೊಂದು ಬೇಕು."

ರೇಣುಕಾದೇವಿಗೆ ಹಿಗ್ಗು ತಡೆಯಲಾಗಲಿಲ್ಲ. ಕನ್ನಡಿಯೊಳಗಿನ ಮುಖದ ಫೋಟೊ! ಊರಲ್ಲಿ ಅದನ್ನು ತೆಗೆಯಬಲ್ಲವರು ತನ್ನನ್ನು ಬಿಟ್ಟು ಬೇರೆ ಯಾರಿದ್ದಾರೆ? ಸುಭಾಷನ ಮುಖ ಮಾತ್ರ ಹುಳ್ಳಗಾಯಿತು.

"ಕನ್ನಡಿಯೊಳಗಿನ ಗಂಟಿಗೆ ಕೈ ಹಾಕಾಕ ಹೊಂಟೀ ನೀ. ಅದು ಒಂದ ಸಲ ಆಗೋದು, ತಪ್ಪಿದ್ರ ತಪ್ಪಿದಂಗ. ಕೆಟ್ಟಿತೋ, ಮಂದಿ ನಿನ್ನ ಬೈಯಂಗಿಲ್ಲ, ನನ್ನ ಸ್ಟುಡಿಯೊಕ್ಕ ಬೈತಾರ. ಹಂಗೇನರ ಆದ್ರ ಮತ್ತ ನೀ ಕ್ಯಾಮೆರಾ ಮುಟ್ಟಾಂಗಿಲ್ಲ ನೋಡು."

"ಛಲೋ ಬಂತಂದ್ರ?"

"ಬಂತಂದ್ರ ಹೆಣ್ಣಮಕ್ಕಳ ಕಡೀ ಫೋಟೊ ಎಲ್ಲಾ ಇನ್ನು ಮ್ಯಾಲ ನಿನ್ನವು." ಸುಭಾಷ ಸ್ವಲ್ಪ ತಡೆದು ಬೆರಳೆತ್ತಿ ತನ್ನ ಗುರುವಾಕ್ಯ ಹೇಳಿದ, "ಮತ್ತ ನೆನಪಿಟ್ಟುಕೋ, ಫೋಟೊದಾಗ ಫೋಟೊ ತಗಿಯಾಕಿ ಕಾಣಬಾರದು."

ಅಂದಿನಿಂದ ಮನೆಯಲ್ಲಿ ತಾಲೀಮು ಶುರುವಾಯಿತು. ಕನ್ನಡಿಯ ಮುಂದೆ ಗಂಡನನ್ನೇ ಕೂರಿಸಿ ತಲೆಯ ಮೇಲೆ ತನ್ನ ಹಳೇ ಸೀರೆ ಹೊದಿಸಿದಳು. ಕನ್ನಡಿಗೆ ಫ್ಲ್ಯಾಶ್ ಹೊಡೆದರೆ ಬೆಳಕು ತಿರುಗಿ ಕ್ಯಾಮೆರಾದ ಕಣ್ಣಿಗೇ ಬಡಿದು ಫೋಟೊ ಬಿಳಿ ಹಾಳೆಯಾಗುತ್ತದೆ ಎಂಬುದು ಪರಾತದ ಫೋಟೊ ಕೆಡಿಸಿಕೊಂಡಾಗಲೇ ಅವಳಿಗೆ ತಿಳಿದಿತ್ತು. ಕನ್ನಡಿಯ ಮೇಲೆ ಫೋಕಸ್ ಇಟ್ಟರೆ ಅದರ ಮೇಲಿನ ಧೂಳು ಚೆಂದ ಬರುತ್ತದೆ, ಮುಖ ಮಬ್ಬಾಗುತ್ತದೆ. ಕನ್ನಡಿಯನ್ನು ದಾಟಿ, ಒಳಗೆ ಇನ್ನೊಂದು ಕೋಣೆ ಇದೆ ಎಂದುಕೊಂಡು, ಆ ಕೋಣೆಯಲ್ಲಿ ಕೂತವರ ಮೇಲೆ ಫೋಕಸ್ ಇಡಬೇಕು. ಇದೆಲ್ಲ ಅವಳಿಗೆ ಗೊತ್ತಿತ್ತು. ಸೀರೆ ಹೊದ್ದು ಕೂತ ಸುಭಾಷನನ್ನು ನೋಡಿ ಹಾಲಿನವಳು ಹೊಸ್ತಿಲಿಂದಲೇ ಓಡಿಹೋದದ್ದು ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ.

ಮದುವೆಯ ದಿನ ಬೆಳಗ್ಗೆ ಅವಳ ಕೈಗೆ ಹೊಸ ರೋಲು ಬಂತು. ಮೆಹಂದಿಯ ಕೈ, ಬಳೆ ತೊಟ್ಟ ಕೈ, ಅಜ್ಜಿಯಂದಿರು, ಅತ್ತೆಯಂದಿರು, ಯಾರನ್ನೂ ಬಿಡಲಿಲ್ಲ. ನಡುವೆ ಅಂಗಳದಲ್ಲಿ ಒಂದು ದೊಡ್ಡ ಹಂಡೆ. ಬಿರಿಯಾನಿ ಅಕ್ಕಿ ತೊಳೆಯಲೆಂದು ನೀರು ತುಂಬಿಟ್ಟಿದ್ದರು. ಆ ನೀರಿನಲ್ಲಿ ಶಾಮಿಯಾನದ ಬಣ್ಣದ ಬಟ್ಟೆ, ಅದರ ನಡುವೆ ಇಣುಕುವ ಹುಡುಗಿಯರ ಮುಖಗಳು. ರೇಣುಕಾದೇವಿಗೆ ತಡೆಯಲಾಗಲಿಲ್ಲ. 'ಹೆಂಗೂ ಕೊನೇದೊಂದು ನಂದೇ ಅಲ್ಲ, ಈಗಲೇ ತಗದ್ರ ಏನಾತು' ಎಂದು ಒತ್ತಿಬಿಟ್ಟಳು. ಸಾಲದ್ದಕ್ಕೆ ಹುಡುಗಿಯರು ನೀರು ಕಲಕಿ ನಕ್ಕರೆಂದು ಇನ್ನೊಂದು. ಚಟ ಎನ್ನುವುದು ಹೀಗೇ ಇರುತ್ತದೆ, ಹಬ್ಬದ ದಿನವೇ ಕೈ ಕೊಡುತ್ತದೆ.

ಮಧ್ಯಾಹ್ನ ಜಲ್ವಾ. ನಡುಮನೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಒಂದು ಕಂಬದ ಹಾಗೆ ಇಳಿದಿತ್ತು, ಓಢಣಿಯೊಳಗೆ ಮಾತ್ರ ಕತ್ತಲು. ರೇಣುಕಾದೇವಿ ಸುತ್ತ ನೋಡಿದಳು. ಬಾಳೆಹಣ್ಣು ಇಟ್ಟಿದ್ದ ಪರಾತ ಖಾಲಿ ಮಾಡಿ ಮದುಮಗಳ ಅಜ್ಜಿ ಹಜರತಬೀಯ ಕೈಗೆ ಕೊಟ್ಟಳು. "ನಾನಿ, ಇದನ್ನ ಬಿಸಿಲಿಗೆ ಹಿಡೀರಿ. ಬೆಳಕು ಓಢಣಿ ಒಳಗ ಹೋಗಬೇಕು, ಅಷ್ಟ." ಮನೆಯ ಯಜಮಾನಿಕೆಯೆಲ್ಲ ಹಜರತಬೀಯದೇ. ಇಂಥ ಜವಾಬ್ದಾರಿ ಸಿಕ್ಕಿದ್ದಕ್ಕೆ ಮುದುಕಿ ಎದೆಯುಬ್ಬಿಸಿ ನಿಂತಳು. ಕೈ ನಡುಗುವುದರಿಂದ ಬೆಳಕು ಒಮ್ಮೆ ಮದುಮಗನ ಗಡ್ಡದ ಮೇಲೆ, ಒಮ್ಮೆ ಮದುಮಗಳ ಮೂಗುತಿಯ ಮೇಲೆ ಕುಣಿಯತೊಡಗಿತು.

ರೇಣುಕಾದೇವಿ ಹಿಂದಿನಿಂದ ಓಢಣಿಯೊಳಗೆ ತೂರಿದಳು. ಇಬ್ಬರ ಹೆಗಲ ನಡುವೆ ಕ್ಯಾಮೆರಾ ಇಟ್ಟು ಒಂದು ಕಣ್ಣು ಮುಚ್ಚಿದಳು. ಕನ್ನಡಿಯಲ್ಲಿ ಜೋಹರಾಬಿಯ ಮುಖ ನಿಚ್ಚಳವಾಗಿ ಕಂಡಿತು. ಕೆಂಪಾದ ಕೆನ್ನೆ, ಬಿಗಿಯಾಗಿ ಮುಚ್ಚಿದ ಕಣ್ಣು, ನಡುಗುವ ತುಟಿ. ಪಾಪ ಕೂಸು ಎಷ್ಟು ಹೆದರಿದೆ ಎಂದುಕೊಂಡಳು. ಫೋಕಸ್ ಮಾಡುವಾಗ ನಾಲಿಗೆ ಹೊರಗೆ ಚಾಚಿ ಹಲ್ಲಿನಲ್ಲಿ ಕಚ್ಚಿಕೊಳ್ಳುವುದು ಅವಳ ಅಭ್ಯಾಸ. ಕಚ್ಚಿಕೊಂಡಳು.

"ಬೀಬೀ, ಆಂಖಾಂ ಖೋಲೋ, ಮೈ ತುಮ್ಹಾರಾ ಗುಲಾಮ್" ಎಂದ ಜಿಲಾನಿ. ಲಾರಿ ಎಂಜಿನ್‌ಗೆ ಹೆದರದವನು ಈ ಮಾತಿಗೆ ನಾಚಿ ತನ್ನ ಕಣ್ಣನ್ನೇ ಮುಚ್ಚಿಕೊಂಡಿದ್ದ. ಹೆಂಗಸರು "ಕೇಳಿಸಲಿಲ್ಲ, ಜೋರಾಗಿ!" ಎಂದರು. ಮತ್ತೆ ಹೇಳಿದ. ಜೋಹರಾಬಿ ಮೆಲ್ಲಗೆ ಕಣ್ಣು ತೆರೆದಳು.

ತೆರೆದರೆ ಕಂಡದ್ದು ಗಂಡನಲ್ಲ. ಒಂದು ಕಣ್ಣು ಮುಚ್ಚಿ ಇನ್ನೊಂದರ ಜಾಗದಲ್ಲಿ ಕ್ಯಾಮೆರಾ ಇಟ್ಟುಕೊಂಡು, ನಾಲಿಗೆ ಕಚ್ಚಿಕೊಂಡ ರೇಣುಕಾದೇವಿ! ಕನ್ನಡಿಯಲ್ಲಿ ನಾವು ಯಾರ ಕಣ್ಣು ನೋಡುತ್ತೇವೋ ಅವರಿಗೂ ನಮ್ಮ ಕಣ್ಣು ಕಾಣುತ್ತದೆ. ಅಷ್ಟು ದಿನ ತಾಲೀಮು ಮಾಡಿದವಳಿಗೆ ಇದೊಂದು ಹೊಳೆದಿರಲಿಲ್ಲ, ಸೀರೆ ಹೊದ್ದ ಗಂಡ ನಾಚಿ ಕಣ್ಣು ಮುಚ್ಚಿಯೇ ಕೂತಿದ್ದ. ಎಮ್ಮೆ, ಕೊಡ, ಗುಡ್ಡ ಯಾವುದೂ ಅವಳನ್ನು ತಿರುಗಿ ನೋಡಿ ನಕ್ಕಿರಲಿಲ್ಲವಲ್ಲ. ಜೋಹರಾಬಿ ಕಿಸಕ್ಕನೆ ನಕ್ಕಳು. ತಡೆಯಲಾರದೆ ಗೊಳ್ಳೆಂದು ನಕ್ಕಳು. ರೇಣುಕಾದೇವಿಯ ಬೆರಳು ತಾನಾಗಿಯೇ ಒತ್ತಿತು.

ಹಜರತಬೀಯ ಕೈಯಿಂದ ಪರಾತ ಢಣ್ಣೆಂದು ಬಿತ್ತು. "ಯಾಕ ನಕ್ಕಿ? ಯಾರ್ನ ನೋಡಿದಿ?"

"ಫೋಟೊ ಅಕ್ಕನ್ನ, ನಾನಿ."

ಅಯ್ಯೋ, ಎದ್ದಿತು ನೋಡಿ ಗದ್ದಲ! ಗುಲಾಮ ಅಂದವನು ಒಬ್ಬ, ಹುಡುಗಿ ನೋಡಿದ್ದು ಇನ್ನೊಬ್ಬರನ್ನ ಎಂದು ಒಬ್ಬಳು ನಕ್ಕರೆ, ಮದುಮಗನ ಕಡೆಯ ಹೆಂಗಸೊಬ್ಬಳು ಇದು ಅಪಶಕುನ ಎಂದು ಗಲ್ಲಕ್ಕೆ ಕೈ ಇಟ್ಟಳು. ನಸೀಮಾಬಿಯ ಮುಖ ಕಪ್ಪಿಟ್ಟಿತು. ರೇಣುಕಾದೇವಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು.

ಕೊನೆಗೆ ಹಜರತಬೀಯೇ ತೀರ್ಪು ಕೊಟ್ಟಳು. "ಆ ನೋಟ ಲೆಕ್ಕಕ್ಕಿಲ್ಲ. ಏ ಛೋರಿ, ಕಣ್ಣ ಮುಚ್ಚು. ಏನಪ್ಪಾ ಹುಡುಗಾ, ಇನ್ನೊಮ್ಮೆ ಅಂತೀಯಿಲ್ಲೋ?"

"ಗುಲಾಮ ಆಗೋದು ಆಗೇ ಬಿಟ್ಟೈತಿ, ಎಷ್ಟ ಸಲ ಅಂದ್ರೇನ್ರಿ ನಾನಿ" ಎಂದ ಜಿಲಾನಿ. ಮನೆಯೆಲ್ಲ ನಗೆಗಡಲಾಯಿತು.

ಪರಾತ ಮತ್ತೆ ಮೇಲೆದ್ದಿತು. ಜೋಹರಾಬಿ ಕಣ್ಣು ಮುಚ್ಚಿದಳು. ರೇಣುಕಾದೇವಿ ಈ ಸಲ ನಾಲಿಗೆ ಒಳಗಿಟ್ಟುಕೊಂಡು ಕ್ಯಾಮೆರಾದ ಲಿವರ್ ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ಊಹೂಂ. ರೋಲು ಮುಗಿದಿತ್ತು. ಬೇರೆ ರೋಲು ಗಂಡಸರ ಕಡೆ ಸುಭಾಷನ ಚೀಲದಲ್ಲಿತ್ತು. ಹಂಡೆಯ ನೀರಿಗೆ ಹಾಕಿದ ಆ ಎರಡು ಫೋಟೊ ಈಗ ನೆನಪಾದವು. ಅವಳ ಕಣ್ಣೆದುರಲ್ಲೇ ಜೋಹರಾಬಿ ಕಣ್ಣು ತೆರೆದಳು, ಗಂಡನನ್ನು ನೋಡಿದಳು, ನಾಚಿ ತಲೆ ತಗ್ಗಿಸಿದಳು. ಎಷ್ಟು ಚೆಂದದ ನೋಟ ಅದು! ಫೋಟೊ ಮಾತ್ರ ಇಲ್ಲ.

ರೋಲು ಹೊಸಪೇಟೆಯ ಕಲರ್ ಲ್ಯಾಬಿಗೆ ಹೋಗಿ ಬರುವ ತನಕ ಅವಳಿಗೆ ಅನ್ನ ರುಚಿಸಲಿಲ್ಲ. ಪ್ರಿಂಟು ಬಂದವು. ಹಂಡೆಯ ನೀರಿನವು ಚೆಂದ ಬಂದಿದ್ದವು, ಅವಳಿಗೆ ಅವನ್ನು ನೋಡಲೂ ಮನಸ್ಸಾಗಲಿಲ್ಲ. ಕೊನೆಯದು ಕನ್ನಡಿ. ಅದರಲ್ಲಿ ಬಾಯ್ತುಂಬ ನಗುವ ಮದುಮಗಳು, ಕಣ್ಣು ಮುಚ್ಚಿಕೊಂಡ ಮದುಮಗ, ಅವನ ಗಡ್ಡದ ಮೇಲೊಂದು ಬೆಳಕಿನ ಚುಕ್ಕೆ. ಇಬ್ಬರ ನಡುವೆ, ಯಾರೂ ಕರೆಯದೆ ಬಂದವರ ಹಾಗೆ, ನಾಲಿಗೆ ಕಚ್ಚಿಕೊಂಡ ರೇಣುಕಾದೇವಿ.

"ಮುಗೀತು" ಎಂದ ಸುಭಾಷ. "ಮದುಮಗಳು ಹಲ್ಲ ಕಿರೀತಾಳ, ಮದುಮಗ ನಿದ್ದಿ ಮಾಡ್ಯಾನ, ನೀ ದೃಷ್ಟಿಬೊಂಬಿ ಹಂಗ ನಿಂತೀದಿ. ಇದನ್ನ ಕೊಡಬ್ಯಾಡ. ಲ್ಯಾಬಿನಾಗ ಕೆಟ್ಟಿತು ಅಂದುಬಿಡೂಣು."

"ಸುಳ್ಳ ಹೇಳೂದು ಬ್ಯಾಡ್ರಿ. ನಾ ಕೆಡಿಸೀನಿ, ನಾನ ಹೋಗಿ ಬೈಸಿಕೊಂಡು ಬರತೀನಿ. ಬಂದು ನಿಮ್ಮ ಕ್ಯಾಮೆರಾ ನಿಮಗ ಒಪ್ಪಿಸ್ತೀನಿ."

ನಸೀಮಾಬಿ ಕಟ್ಟೆಯ ಮೇಲೆ ಬಳೆ ಜೋಡಿಸುತ್ತ ಕೂತಿದ್ದಳು. ರೇಣುಕಾದೇವಿ ಫೋಟೊ ಅವಳ ಕೈಗಿಟ್ಟು, ರೋಲು ಮುಗಿದದ್ದು, ಹಂಡೆಯ ನೀರು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ತಲೆ ತಗ್ಗಿಸಿ ನಿಂತಳು. ನಸೀಮಾಬಿ ಫೋಟೊವನ್ನು ಬಿಸಿಲಿಗೆ ಹಿಡಿದಳು, ನೆರಳಿಗೆ ಹಿಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನ್ನ ಜಲ್ವಾದಾಗ ನಾ ಅತ್ತಿದ್ದೆ ರೇಣವ್ವಾ. ಕಣ್ಣ ತುಂಬ ನೀರು, ಆತನ ಮುಖಾನ ಕಾಣಲಿಲ್ಲ. ನಮ್ಮವ್ವನೂ ಅತ್ತಿದ್ದಳಂತ. ನನ್ನ ಮಗಳೂ ಅತ್ತಿರತಾಳ ಅಂದಕೊಂಡಿದ್ದೆ. ಅದಕ್ಕ ನೋಡಬೇಕಾಗಿತ್ತು." ಬೆರಳಿನಿಂದ ಮಗಳ ಮುಖ ಸವರಿದಳು. "ಹೆಂಗ ನಗತೈತಿ ನೋಡ ನನ್ನ ಕೂಸು! ನಮ್ಮ ಮನ್ಯಾಗ ಈ ಹೊತ್ತಿನಾಗ ಯಾರೂ ನಕ್ಕಿಲ್ಲವ್ವಾ. ಇದನ್ನ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಕೊಡ."

"ಅದರಾಗ ನನ್ನ ಮಾರಿ ಐತೆಲ್ಲ ನಸೀಮಕ್ಕ."

"ಇರಲಿ ಬಿಡ. ನಗಿಸಿದಾಕಿ ನೀನ ಅಲ್ಲೇನು?"

ರೇಣುಕಾದೇವಿ ಅಳುತ್ತಲೇ ಮನೆಗೆ ಬಂದಳು. ಗಂಡ ಬೈಸಿಕೊಂಡು ಬಂದಳೆಂದೇ ತಿಳಿದು ಸಮಾಧಾನ ಮಾಡಲು ಮಿರ್ಚಿ ಬಜ್ಜಿ ತರಿಸಿದ. ಕಾರಣ ಕೇಳಿದ ಮೇಲೆ ಆ ಮಿರ್ಚಿ ತಾನೇ ತಿಂದ.

ಆ ಫೋಟೊ ನಸೀಮಾಬಿಯ ಗೋಡೆ ಏರಿದ ಮೇಲೆ ಬಳೆ ತೊಡಲು ಬಂದವರೆಲ್ಲ ಅದನ್ನು ನೋಡಿದರು. ಕೊಪ್ಪಳದಿಂದ ಕರೆ ಬಂತು, ಯಲಬುರ್ಗಾದ ತವರಿನಿಂದಲೂ ಬಂತು. ಸುಭಾಷ ಕೊಟ್ಟ ಮಾತಿಗೆ ತಪ್ಪಲಿಲ್ಲ. ವರ್ಷಗಳು ಉರುಳಿದಂತೆ ರೋಲು ಹೋಗಿ ಕಾರ್ಡು ಬಂತು, ಕೈಕೈಗೆ ಮೊಬೈಲು ಬಂತು. ಸ್ಟುಡಿಯೊದಲ್ಲಿ ಫೋಟೊಕ್ಕಿಂತ ಜೆರಾಕ್ಸೇ ಹೆಚ್ಚಾಯಿತು. ಹೆಂಡತಿ ಒಳಗೆ ಫೋಟೊ ತೆಗೆಯುವಾಗ ಸುಭಾಷ ಅವಳ ಚೀಲ ಕಾಯುತ್ತ ಹೊರಗೆ ಕೂತು ಗಂಡಸರೊಂದಿಗೆ ಚಹಾ ಕುಡಿಯುವುದೂ ರೂಢಿಯಾಯಿತು. ಹೇಮಗುಡ್ಡ ಮಾತ್ರ ಈಗಲೂ ಗೋಡೆಯ ಮೇಲೆ ತಲೆಕೆಳಗಾಗಿಯೇ ಇದೆ, ಶರಣಬಸಪ್ಪನವರಿಗೆ ಸ್ಟೂಲು ಹತ್ತಲು ಮೊಣಕಾಲು ಬಿಡುವುದಿಲ್ಲ.

ಮೊನ್ನೆ ಮೊನ್ನೆ ಕುಷ್ಟಗಿಯಲ್ಲಿ ಜೋಹರಾಬಿಯ ಮಗಳು ಮುಬೀನಾಳ ಮದುವೆಯಾಯಿತು. ಕರೆ ಬಂದಾಗ ರೇಣುಕಾದೇವಿ ಹಿಂದೆಮುಂದೆ ನೋಡಿದಳು. "ಮನಿ ತುಂಬ ಮೊಬೈಲ್ ಇರತಾವ ಜೋಹರಾ, ನಾ ಬಂದು ಏನ ಮಾಡಲಿ?"

"ಮೊಬೈಲಿನ ಮಾತು ನನಗ ಬಿಡ್ರಿ ಅಕ್ಕಾ, ನೀವು ಬರ್ರಿ" ಎಂದಿದ್ದಳು ಜೋಹರಾಬಿ.

ಜಲ್ವಾದ ಹೊತ್ತಿಗೆ ಜೋಹರಾಬಿ ಒಂದು ಪರಾತ ಹಿಡಿದು ಹೆಂಗಸರ ನಡುವೆ ಹೊರಟಳು. "ಎಲ್ಲಾರೂ ಮೊಬೈಲ್ ಇದರಾಗ ಹಾಕ್ರಿ. ನಮ್ಮನ್ಯಾಗ ಮದುಮಗಳು ಮೊದಲ ಫೋಟೊ ಅಕ್ಕನ್ನ ನೋಡಬೇಕು. ಆಮ್ಯಾಲ ಕಣ್ಣ ಮುಚ್ಚಿ ತೆರೆದು ಗಂಡನ್ನ. ಅದು ಪದ್ಧತಿ."

"ಎಲ್ಲೀ ಪದ್ಧತೀರಿ ಇದು? ನಾವು ಕೇಳೇ ಇಲ್ಲ" ಎಂದಳು ಬೀಗಿತ್ತಿ.

"ನಮ್ಮನೀದು" ಎಂದಳು ಜೋಹರಾಬಿ, ಮುಂದೆ ಮಾತೇ ಇಲ್ಲದ ಹಾಗೆ.

ಮೂಲೆಯ ಮಂಚದ ಮೇಲೆ ನಸೀಮಾಬಿ ಕೂತಿದ್ದಳು. ಸಕ್ಕರೆ ಕಾಯಿಲೆ ಕಣ್ಣಿಗಿಳಿದು ಈಗ ಅವಳಿಗೆ ಹಗಲು ರಾತ್ರಿಯ ಗುರುತು ಬಿಟ್ಟರೆ ಏನೂ ಕಾಣದು. ತನ್ನ ಮನೆ ಗೋಡೆಯ ಮೇಲಿನ ಆ ಫೋಟೊವನ್ನೂ ಈಗ ಬೆರಳಿನಿಂದ ಮುಟ್ಟುವುದಷ್ಟೇ. ಇನ್ನು ತಾನು ತೆಗೆಯುವುದನ್ನು ಈಕೆಗೆ ತೋರಿಸುವುದು ಹೇಗೆ ಎಂದು ರೇಣುಕಾದೇವಿಗೆ ಬೆಳಗಿನಿಂದಲೂ ಸಂಕಟ. ಅದರ ಮೇಲೆ ಮುಬೀನಾ ಬೇರೆ ಒಂದೇ ಸಮನೆ ಅಳುತ್ತಿದ್ದಳು. ಈ ಹುಡುಗಿ ನಗುವುದುಂಟೆ? ಪದ್ಧತಿ ಎಂದು ಹೆಸರಿಟ್ಟ ಮಾತ್ರಕ್ಕೆ ನಗು ಬಂದುಬಿಡುತ್ತದೆಯೆ?

ಓಢಣಿ ಎತ್ತಿ ಒಳಗೆ ಹೊಕ್ಕಳು. ಕ್ಯಾಮೆರಾ ಕಣ್ಣಿಗೆ ಹಚ್ಚಿದಳು. ನಾಲಿಗೆ ಕಚ್ಚಲು ನೋಡಿದರೆ ಮುಂದಿನ ಹಲ್ಲೊಂದು ಹೋದ ಮಳೆಗಾಲದಲ್ಲೇ ಬಿದ್ದಿದೆ. ನಾಲಿಗೆ ಆ ಸಂದಿಯಿಂದ ತಾನಾಗಿ ಇಣುಕಿತು. ಹುಡುಗ ಗುಲಾಮನಾದ. ಮುಬೀನಾ ಒದ್ದೆ ರೆಪ್ಪೆ ಮೆಲ್ಲಗೆ ಎತ್ತಿದಳು.

ಆಮೇಲೆ ಓಢಣಿಯೊಳಗಿಂದ ಬಂತು ನೋಡಿ ನಗು, ಅಳುವಿನ ಬಿಕ್ಕು ಇನ್ನೂ ನಿಂತಿರದ ಮದುಮಗಳ ನಗು. ಅದನ್ನು ಕೇಳಿ ಹೊರಗೆ ನಿಂತ ಜೋಹರಾಬಿ ನಕ್ಕಳು, ಬೀಗಿತ್ತಿಯೂ ನಕ್ಕಳು.

ರೇಣುಕಾದೇವಿ ಹೊರಗೆ ಬಂದು ಮಂಚದ ಬಳಿ ಕೂತಳು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಆ ಮುಖ ಮೂಡಿತ್ತು. ಅಭ್ಯಾಸದಂತೆ ಅದನ್ನು ನಸೀಮಾಬಿಯ ಕಡೆ ಚಾಚಿದವಳು ನೆನಪಾಗಿ ಕೈ ಹಿಂದೆ ತೆಗೆದುಕೊಂಡಳು. "ನಸೀಮಕ್ಕ, ನಿಮಗ ಹೆಂಗ ತೋರಸಲಿ?" ಎಂದಳು.

ನಸೀಮಾಬಿ ತಡವರಿಸಿ ಅವಳ ಕೈ ಹಿಡಿದುಕೊಂಡಳು.

"ತೋರಸೂದು ಬ್ಯಾಡ ಬಿಡವ್ವಾ" ಎಂದಳು. "ಕೇಳಿಸಿತು."